ಬಟ್ಟೆ ಹಗ್ಗದ ವೆಬ್‌ಸೈಟು

ತವರಿನಲ್ಲಿ ಅವಳನ್ನು ಎಲ್ಲರೂ ‘ತೊಂಬತ್ತು’ ಎಂದೇ ಕರೆಯುತ್ತಿದ್ದರು. ಅಣ್ಣ ಇಟ್ಟ ಹೆಸರು. ಯಾವ ಕೆಲಸದ ಬಗ್ಗೆ ಕೇಳಿದರೂ “ತೊಂಬತ್ತು ಪರ್ಸೆಂಟ್ ಆಯ್ತು, ಇನ್ನು ಸ್ವಲ್ಪ ಇದೆ” ಎನ್ನುವುದು ಅವಳ ಅಭ್ಯಾಸ. ಆ ಸ್ವಲ್ಪ ಮಾತ್ರ ಜಪ್ಪಯ್ಯ ಎಂದರೂ ಮುಗಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಬಟ್ಟೆಬರೆಯ ಜೊತೆಗೆ ಆ ಹೆಸರೂ ಗಂಡನ ಮನೆಗೆ ಬಂದು ಇಳಿಯಿತು.

ಸಂಬಳದ ಕೆಲಸದಲ್ಲಿ ಹಾಗಿರಲಿಲ್ಲ ಅನ್ನಿ. ಮೊದಲಿಗೆ ಅವಳು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಿಸಿಟಿಂಗ್ ಕಾರ್ಡು, ಆಮಂತ್ರಣ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು. ಪ್ರೆಸ್ಸಿನ ಯಜಮಾನರಿಗೆ ಗಿರಾಕಿಯ ಎದುರು ಇಲ್ಲ ಎಂದು ಹೇಳಿ ಗೊತ್ತಿಲ್ಲ. ಹಲ್ಲಿನ ಡಾಕ್ಟರೊಬ್ಬರು ಕಾರ್ಡು ಮಾಡಿಸಲು ಬಂದವರು, “ವೆಬ್‌ಸೈಟೂ ಮಾಡ್ತೀರಾ?” ಎಂದು ಕೇಳಿದರು.

“ಅದಕ್ಕೇನಂತೆ, ಮಾಡಿಕೊಡೋಣ” ಎಂದ ಯಜಮಾನರು ಡಾಕ್ಟರು ಆಚೆ ಹೋದದ್ದೇ ಒಳಗೆ ಬಂದು, “ಏನಮ್ಮಾ, ವೆಬ್‌ಸೈಟ್ ಮಾಡೋದು ಹೇಗೆ?” ಎಂದರು.

ಅವಳಿಗೂ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ವೀಡಿಯೋ ನೋಡಿ, ತಪ್ಪು ಮಾಡಿ, ಅಳಿಸಿ, ಕೊನೆಗೂ ಕಲಿತಳು. ಅವಳ ಆ ಮೊದಲ ವೆಬ್‌ಸೈಟಿನಲ್ಲಿ ಬಾಯಿ ತೆರೆದ ಚಿತ್ರ ಎಷ್ಟು ದೊಡ್ಡದಾಗಿತ್ತೆಂದರೆ, ಅದನ್ನು ನೋಡಿದ ರೋಗಿಗಳ ಹಲ್ಲುನೋವು ಅಲ್ಲೇ ಮಾಯವಾಗಿರಬೇಕು. ಆದರೂ ಕೆಲಸ ಬರುತ್ತಾ ಹೋಯಿತು. ಪ್ರೆಸ್ಸಿನ ಬೋರ್ಡಿನಲ್ಲಿ ‘ವೆಬ್’ ಎಂಬ ಪದ ಸೇರಿತು. ಅವಳು ವೆಬ್ ಡೆವಲಪರ್ ಆದಳು.

ಮನೆಯ ಪ್ರಾಜೆಕ್ಟುಗಳದ್ದು ಬೇರೆಯೇ ಪುರಾಣ. ಗ್ಯಾಸ್ ಸಿಲಿಂಡರ್ ಯಾವತ್ತು ಖಾಲಿಯಾಗುತ್ತದೆ ಎಂದು ಮುಂಚೆಯೇ ಹೇಳುವ ಪೇಜು ಒಂದು. ಅದು “ಇನ್ನೂ ಬೇಕಾದಷ್ಟಿದೆ” ಎಂದ ದಿನವೇ, ನೆಂಟರೆಲ್ಲ ಕೂತಿರುವಾಗ ಒಲೆ ಆರಿತು. ಗಂಡನ ಗೊರಕೆಗೆ ಗ್ರಾಫು ಬರೆಯುವುದು ಇನ್ನೊಂದು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಗಂಡ ಅದನ್ನು ನೋಡಿ, “ಇದು ಗೊರಕೆಯಲ್ಲ, ನನ್ನ ಸ್ಟೂಡೆಂಟು ಗೇರ್ ಹಾಕಿದ್ದು” ಎಂದು ಕೈ ತೊಳೆದುಕೊಂಡ.

ಪೂರ್ತಿ ಮುಗಿದದ್ದು ಒಂದೇ ಒಂದು: ಬಟ್ಟೆ ಹಗ್ಗದ ವೆಬ್‌ಸೈಟು. ಅವರ ಕಟ್ಟಡದ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗಗಳು ಕಡಿಮೆ, ಮನೆಗಳು ಜಾಸ್ತಿ. ದಿನಾ ಬೆಳಗಾದರೆ ಜಗಳ. ಯಾವ ಹೊತ್ತಿಗೆ ಯಾರಿಗೆ ಯಾವ ಹಗ್ಗ ಎಂದು ಫೋನಿನಲ್ಲೇ ಕಾದಿರಿಸಿಕೊಳ್ಳುವಂತೆ ಮಾಡು ಎಂದು ಅತ್ತೆ ಅಪ್ಪಣೆ ಕೊಡಿಸಿದರು. ಸೊಸೆಯ ಜಾತಕ ಅವರಿಗೆ ಗೊತ್ತಿದ್ದುದರಿಂದ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು.

“ತೊಂಬತ್ತು ಪರ್ಸೆಂಟ್ ಆಯ್ತು ಅತ್ತೆ.”

“ಸರಿ, ಉಳಿದದ್ದೂ ಮಾಡು. ನಾನಿಲ್ಲೇ ಇರ್ತೀನಿ.”

ಮುಗಿಸದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಅಷ್ಟಕ್ಕೇ ಬಿಡದೆ ಅತ್ತೆ ತಾವೇ ಅದರ ಅಡ್ಮಿನ್ ಆದರು. ಯಾರ ಬಟ್ಟೆ ಒಣಗಿದರೂ ವೆಬ್‌ಸೈಟಿನ ಮೆಸೇಜ್ ಪೆಟ್ಟಿಗೆಯಲ್ಲಿ ಡಂಗುರ ಹೊಡೆಯುವುದು ಅವರ ಕೆಲಸ.

ಹೀಗಿರುವಾಗ ಯಜಮಾನರು ವಯಸ್ಸಾಯಿತೆಂದು ಪ್ರೆಸ್ ಮುಚ್ಚಿದರು. ಅವಳು ಹೊಸ ಕೆಲಸ ಹುಡುಕಬೇಕಾಯಿತು. ಕ್ಲಿನಿಕ್ಕುಗಳಿಗೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡುವ ಒಂದು ಕಂಪನಿ, ‘ನಿಮ್ಮ ಸ್ವಂತ ವೆಬ್‌ಸೈಟಿನ ಲಿಂಕ್ ಕಳಿಸಿ’ ಎಂದು ಕೇಳಿತು. ಕಂಡವರಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟವಳಿಗೆ ತನ್ನದು ಅಂತ ಒಂದಿರಲಿಲ್ಲ. ವರ್ಷಗಳಿಂದ ಅದಕ್ಕೆ ಬಣ್ಣವನ್ನೇ ಆರಿಸುತ್ತಿದ್ದಳು.

ಅವಳು ‘ನನ್ನ ಬಗ್ಗೆ’ ಎಂದು ಟೈಪಿಸಿ, ಮುಂದೇನು ಬರೆಯಲಿ ಎಂದು ಕೂಗಿ ಕೇಳಿದಳು. ಮನೆಯವರೆಲ್ಲ ಸುತ್ತ ಸೇರಿದರು.

“ಕಷ್ಟಜೀವಿ ಅಂತ ಬರಿ” ಎಂದ ಗಂಡ.

“ಕಷ್ಟ ಯಾರಿಗೆ ಅಂತಲೂ ಬರೀಬೇಕಾಗುತ್ತೆ” ಎಂದರು ಅತ್ತೆ.

“ಅಮ್ಮ, ಇದ್ದದ್ದು ಇದ್ದ ಹಾಗೆ ಬರಿ” ಎಂದಳು ಕಾಲೇಜಿಗೆ ಹೋಗುವ ಮಗಳು.

ಅವಳು ಹಾಗೇ ಮಾಡಿದಳು. ಪ್ರೆಸ್ಸು, ಹಲ್ಲಿನ ಡಾಕ್ಟರು, ಕೈಕೊಟ್ಟ ಸಿಲಿಂಡರ್ ಪೇಜು, ಬಟ್ಟೆ ಹಗ್ಗ ಎಲ್ಲವನ್ನೂ ಹಾಕಿ, ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟಳು.

ಇಂಟರ್‌ವ್ಯೂಗೆ ಕರೆ ಬಂತು. ಗಾಜಿನ ಗೋಡೆಯ ಕೋಣೆ. ಎದುರಿಗೆ ಕನ್ನಡಕದ ಮ್ಯಾನೇಜರಮ್ಮ, ಪಕ್ಕದಲ್ಲಿ ಗಡ್ಡದ ಎಂಜಿನಿಯರ್. ಗಡ್ಡದವನು ಗೋಡೆಯ ದೊಡ್ಡ ಪರದೆಯ ಮೇಲೆ ಬಟ್ಟೆ ಹಗ್ಗದ ಪೇಜನ್ನೇ ತೆರೆದ. ಅಷ್ಟರಲ್ಲಿ ಟಿಣ್ ಎಂದು ಅಲ್ಲೊಂದು ಮೆಸೇಜು ಮೂಡಿತು: ‘ಮೂರನೇ ಮಹಡಿಯವರ ಬೆಡ್‌ಶೀಟು ಒಣಗಿ ಹಪ್ಪಳವಾಗಿದೆ. ಬಂದು ತೆಗೀರಿ.’

ಅವಳು ನಾಲಿಗೆ ಕಚ್ಚಿಕೊಂಡಳು.

“ಯಾರಿದು?” ಎಂದರು ಮ್ಯಾನೇಜರಮ್ಮ.

“ನಮ್ಮತ್ತೆ ಮೇಡಂ. ಅವರೇ ಅಡ್ಮಿನ್.”

ಗಡ್ಡದವನು ನಗು ತಡೆದುಕೊಂಡು, “ಇದರಲ್ಲಿ ಏನಾದ್ರೂ ಎಡವಟ್ಟಾಗಿತ್ತಾ?” ಎಂದ.

“ಆಗದೆ ಏನು. ಇಬ್ಬರು ಒಟ್ಟಿಗೇ ಒತ್ತಿದ್ರೆ ಒಂದೇ ಹಗ್ಗ ಇಬ್ಬರಿಗೂ ಸಿಗ್ತಿತ್ತು. ಇಸ್ತ್ರಿಗೆ ಹೋಗ್ಬೇಕಿದ್ದ ಅಂಗಿಗಳ ಮೇಲೆ ಯಾರದೋ ಒದ್ದೆ ರಗ್ಗು ಬಿದ್ದು ರಂಪ ಆಯ್ತು. ಅತ್ತೆ ತಾರಸೀಲಿ ಪಂಚಾಯ್ತಿ ಮಾಡ್ತಿದ್ರು, ನಾನು ಕೆಳಗೆ ಕೂತು ಕೋಡ್ ಸರಿ ಮಾಡ್ತಿದ್ದೆ.”

ಅದನ್ನು ಹೇಗೆ ಸರಿ ಮಾಡಿದಳೆಂದು ಅವನು ಕೆದಕಿ ಕೆದಕಿ ಕೇಳಿದ. ಒಂದೆರಡು ಕಡೆ ಅವಳು ತಡವರಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಮನೆಗೆ ಬಂದು, “ಕೆಲಸ ಸಿಗಲ್ಲ ಬಿಡಿ, ನಿಮ್ಮ ಬೆಡ್‌ಶೀಟು ನೋಡಿ ನಕ್ಕುಬಿಟ್ರು” ಎಂದು ಅತ್ತೆಯ ಎದುರು ಮುಖ ಊದಿಸಿಕೊಂಡು ಕೂತಳು.

“ಅದು ನನ್ನದಲ್ಲ, ಮೂರನೇ ಮಹಡಿಯವರದ್ದು” ಎಂದರು ಅತ್ತೆ.

ಕೆಲಸ ಸಿಕ್ಕಿತು. ಫೋನ್ ಮಾಡಿದ ಮ್ಯಾನೇಜರಮ್ಮ ಕೊನೆಯಲ್ಲಿ ಸಂಕೋಚದಿಂದಲೇ, “ನಿಮ್ಮತ್ತೆ ನಮ್ಮ ಆ್ಯಪನ್ನೂ ಒಂದ್ಸಲ ನೋಡ್ತಾರಾ?” ಎಂದು ಕೇಳಿದರು.

ಅತ್ತೆ ಕನ್ನಡಕ ಏರಿಸಿ, ಆ್ಯಪಿನಲ್ಲಿ ಸುಳ್ಳು ಮಂಡಿನೋವು ಹೇಳಿ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಆಮೇಲೆ ಅದನ್ನು ರದ್ದು ಮಾಡಲು ಪರದೆಯನ್ನೆಲ್ಲ ತಡಕಾಡಿದರು.

“ಏನೇ ಇದು, ಒಳಗೆ ಬರೋಕೆ ಬಾಗಿಲು ಇಟ್ಟಿದ್ದಾರೆ, ಆಚೆ ಹೋಗೋಕೆ ಇಟ್ಟೇ ಇಲ್ವಲ್ಲ.”

ಹೊಸ ಆಫೀಸಿನಲ್ಲಿ ಅವಳು ಮಾಡಿದ ಮೊದಲ ಕೆಲಸ, ಆ ಬಾಗಿಲು ಇಟ್ಟದ್ದು.