ಕೊಬ್ಬರಿ ಎಣ್ಣೆ ಕುಡಿದ ಕಾರು

ಬೀದಿಗೊಂದು ಕಾರಿದ್ದರೆ ಅದೇ ಹೆಚ್ಚು ಎನ್ನುತ್ತಿದ್ದ ಕಾಲ ಅದು. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲೂ ಇದ್ದದ್ದು ಒಂದೇ, ನನ್ನ ತಾತನದು. ಅದರಲ್ಲಿ ಕೂತವರ ತಲೆ ಮೇಲೆ ಸೂರೇ ಇರಲಿಲ್ಲ. ಎರಡೇ ಸೀಟಿನ, ಗಿಡ್ಡನೆಯ, ಕೆಂಪು ಬಣ್ಣದ ಹಳೇ ವಿಲಾಯಿತಿ ಸ್ಪೋರ್ಟ್ಸ್ ಕಾರು. ತಾತ ದನದ ಡಾಕ್ಟರಾಗಿದ್ದವರು. ಕುಣಿಗಲ್ಲಿನಲ್ಲಿ ಕುದುರೆಗಳಿಗೆ ಔಷಧ ಕೊಡುತ್ತಿದ್ದಾಗ, ಊರು ಬಿಟ್ಟು ಹೊರಟ ಸಾಹೇಬರೊಬ್ಬರು "ಇದನ್ನೂ ನೀವೇ ಸಾಕ್ಕೊಳ್ಳಿ ಡಾಕ್ಟ್ರೇ" ಎಂದು ಬಿಟ್ಟುಹೋಗಿದ್ದರಂತೆ. ಬಿಸಿಲಿಗೆ ಕಾದ ಚರ್ಮದ ಸೀಟು, ಪೆಟ್ರೋಲು, ಕೊಬ್ಬರಿ ಎಣ್ಣೆ ಮೂರೂ ಬೆರೆತ ಅದರ ವಾಸನೆಯೇ ನನಗೆ ಇವತ್ತಿಗೂ ಬೇಸಿಗೆ ರಜೆಯ ವಾಸನೆ.

ಕಾರಿಗೂ ಕೊಬ್ಬರಿ ಎಣ್ಣೆಗೂ ಏನು ನಂಟು ಅಂತೀರಾ? ಗುಬ್ಬಿ ಹತ್ತಿರದ ಅಜ್ಜಿಯ ತವರಿನ ತೋಟದಿಂದ ವರ್ಷಕ್ಕಾಗುವಷ್ಟು ಎಣ್ಣೆ ಬರುತ್ತಿತ್ತು. ನಮ್ಮ ತಲೆಗೆ ಅದೇ, ದೇವರ ದೀಪಕ್ಕೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಆಯುಧಪೂಜೆಯ ದಿನ ಅಜ್ಜಿ ಕಾರಿನ ಮೂತಿಗೆ ವಿಭೂತಿ ಬಳಿದು, "ಅದಕ್ಕೂ ಮೈಕೈ ನೋವು ಇರಲ್ವೇ" ಎಂದು ಒಂದು ಗಿಂಡಿ ಎಣ್ಣೆ ಕೊಡುತ್ತಿದ್ದರು. ತಾತ ಕೈಗೆ ಸಿಕ್ಕಿದ ಕೀಲುಗಳಿಗೆಲ್ಲ ಹಚ್ಚುತ್ತಿದ್ದರು. ಆಮೇಲೂ ಕಾರು ಎಲ್ಲಾದರೂ ಕೀ ಎಂದರೆ ಅದೇ ಔಷಧ.

ಆದರೂ ಅದರ ಸ್ಟೇರಿಂಗ್ ಸಡಿಲವಾಗುತ್ತಲೇ ಹೋಯಿತು. ಅಂಗೈಯಗಲ ತಿರುಗಿಸಿದರೂ ಮುಂದಿನ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ತಾತ ಅದಕ್ಕೆ ಒಗ್ಗಿಹೋಗಿದ್ದರು. ನೇರ ರಸ್ತೆಯಲ್ಲೂ ಮೊಸರು ಕಡೆಯುವವರ ಹಾಗೆ ಎರಡೂ ಕೈ ಆಚೀಚೆ ಆಡಿಸುತ್ತಲೇ ಇರುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಗುಬ್ಬಿಯಿಂದ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ತಾತ ಸ್ಟೇರಿಂಗ್ ತಿರುಗಿಸಿದರು. ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗಿತು. ನೋಡಿದರೆ ತಾತನೂ ನಾನೂ ಯಾರದೋ ಉತ್ತ ಹೊಲದಲ್ಲಿ ಮಣ್ಣು ಮೆತ್ತಿಕೊಂಡು ಕೂತಿದ್ದೇವೆ! ಎಮ್ಮೆಗೇನೂ ಆಗಲಿಲ್ಲ. ನನ್ನ ಮೊಣಕಾಲು ತರಚಿದ್ದನ್ನು ಕಂಡು ಅಮ್ಮ ತನ್ನ ಅಪ್ಪನನ್ನೇ ತರಾಟೆಗೆ ತೆಗೆದುಕೊಂಡಳು.

"ಅಪ್ಪಾ, ಸ್ಕೂಲು ಶುರುವಾಗೋದ್ರೊಳಗೆ ಇದು ಸರಿಯಾಗ್ಬೇಕು. ಇಲ್ದಿದ್ರೆ ಬೆಂಗ್ಳೂರಿನೋರು ಯಾರೋ ಕೊಂಡ್ಕೋತೀವಿ ಅಂತ ಕೇಳ್ತಿದಾರಲ್ಲ, ಕೊಟ್ಬಿಡಿ."

ತಾತ ಪೆಚ್ಚಾದರು. ನನಗಂತೂ ಅಳು ಬಂತು. ಆ ಕಾರಿನಲ್ಲಿ ದೇವರಾಯನದುರ್ಗದ ಬೆಟ್ಟ ಹತ್ತಿಸುತ್ತೇನೆಂದು ತಾತ ಮಾತು ಕೊಟ್ಟಿದ್ದರು.

ಮಾರನೇ ಬೆಳಿಗ್ಗೆ ಮುಂದಿನ ಗಾಲಿಗಳನ್ನು ಕಲ್ಲುಚಪ್ಪಡಿ ಮೇಲೆ ಹತ್ತಿಸಿ, ಕುಂಟುವ ಕುದುರೆಯನ್ನು ನೋಡುವ ಹಾಗೆಯೇ ತಾತ ಪರೀಕ್ಷೆಗೆ ನಿಂತರು.

"ಕುದುರೆ ಕುಂಟಿದ್ರೆ ಒಬ್ರು ಕಾಲು ಆಡಿಸ್ಬೇಕು, ಇನ್ನೊಬ್ರು ಕೀಲಿನ ಮೇಲೆ ಕೈಯಿಟ್ಕೊಂಡಿರ್ಬೇಕು. ನೋವು ಎಲ್ಲಿದೆ ಅಂತ ಕೈಗೆ ಗೊತ್ತಾಗುತ್ತೆ."

"ಯಾಕೆ ತಾತ, ಕಣ್ಣಿಗೆ ಗೊತ್ತಾಗಲ್ವಾ?" ಎಂದೆ. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದ ನನಗೆ ಅಜ್ಜಿ ಇಟ್ಟಿದ್ದ ಹೆಸರು ಯಾಕಮ್ಮ.

ಸೂರಿಲ್ಲದ ಗಾಡಿ ಹತ್ತುವುದಿಲ್ಲ ಎಂದು ಅಷ್ಟು ವರ್ಷ ಹಟ ಹಿಡಿದಿದ್ದ ಅಜ್ಜಿ, ನಿಂತ ಕಾರು ತಾನೇ ಎಂದು ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಮುಂದೆ ಕೂತರು. ತಾತನೂ ನಾನೂ ಕೆಳಗೆ ತೂರಿದೆವು. ತಾತನ ದಪ್ಪ ಕೈ ಹೋಗದ ಕಡೆಗೆಲ್ಲ ನನ್ನ ಕೈ ಹೋಯಿತು. ಅಜ್ಜಿ ಮೇಲೆ ಸ್ಟೇರಿಂಗ್ ಆಡಿಸುತ್ತ, ಅಲುಗಾಟ ನನ್ನ ಕೈಗೆ ಮುಟ್ಟಿತೇ ಎಂದು ಕೂಗುವರು, "ಬಂತೇನೇ ಯಾಕಮ್ಮಾ?"

"ಬಂತು ಅಜ್ಜೀ!"

ಸ್ಟೇರಿಂಗ್ ಕಂಬದ ಬುಡದವರೆಗೆ ಬಂತು. ಅಲ್ಲಿಂದ ಉದ್ದನೆಯ ಸರಳಿಗೂ ಬಂತು. ಗಾಲಿಯ ಹತ್ತಿರ ಒಂದು ಕೀಲು, ನಮ್ಮ ಭುಜದ ಹಾಗೆ, ಗೂಡಿನೊಳಗೆ ಗುಂಡು. ಅದರ ಈಚೆ ಕೈಯಿಟ್ಟರೆ ಕಟಕ್ ಎನ್ನುತ್ತಿತ್ತು, ಆಚೆ ಇಟ್ಟರೆ ಏನೂ ಇಲ್ಲ.

"ಬರ್ಲಿಲ್ಲ ಅಜ್ಜೀ!" ಕಳ್ಳನನ್ನೇ ಹಿಡಿದಷ್ಟು ಖುಷಿಯಿಂದ ಕಿರುಚಿದೆ.

ತಾತ ಕೀಲು ಬಿಚ್ಚಿದರು. ಅದರ ರಬ್ಬರ್ ಟೋಪಿ ಉಬ್ಬಿ, ಮೆತ್ತಗಾಗಿ, ಹರಿದಿತ್ತು. ಒಳಗೆ ಬರೀ ಕೆಂಪು ಧೂಳು. ತಾತ ಮೂಸಿದರು. ನಾನೂ ಮೂಸಿದೆ. ನನ್ನ ಜಡೆಯದೇ ವಾಸನೆ!

"ಕೊಬ್ಬರಿ ಎಣ್ಣೆಗೆ ರಬ್ಬರು ಕೆಟ್ಟಿದೆ. ಧೂಳು ಒಳಗ್ಹೋಗಿ ಗುಂಡು ಸವೆದಿದೆ. ಗ್ರೀಸ್ ಹಾಕ್ಬೇಕಿತ್ತು," ಎಂದರು ತಾತ.

"ನನ್ನ ತೌರಿನ ಎಣ್ಣೆಗೆ ಹೆಸ್ರಿಡಬೇಡಿ. ಹಚ್ಚಿದೋರು ಯಾರು?" ಎಂದರು ಅಜ್ಜಿ, ಸೀಟು ಬಿಟ್ಟು ಏಳದೆಯೇ.

ಶಿರಾ ಗೇಟಿನ ಲೇತ್ ಅಂಗಡಿಯಲ್ಲಿ ಹೊಸ ಗುಂಡು, ಗೂಡು ಮಾಡಿಸಿ ತಂದು, ಗ್ರೀಸ್ ತುಂಬಿ ಕೂರಿಸಿದ್ದಾಯಿತು. ತಾತ ಠೀವಿಯಿಂದ ಕಾರು ಹೊರಡಿಸಿದರು. ಕಾರು ಕುಡಿದವನ ಹಾಗೆ ಬೀದಿಯ ಆ ಅಂಚಿಗೂ ಈ ಅಂಚಿಗೂ ಹಾಯ್ದು, ಎದುರುಮನೆ ಬೇಲಿಗೆ ಮೂತಿ ತಾಗಿಸಿ ನಿಂತಿತು.

"ಇದ್ದಿದ್ದೂ ಕೆಡಿಸಿದ್ರಾ!" ಗೇಟಿನಲ್ಲಿ ನಿಂತಿದ್ದ ಅಮ್ಮ ತಲೆ ಚಚ್ಚಿಕೊಂಡಳು.

ತಾತ ಸ್ಟೇರಿಂಗನ್ನು ಒಂಚೂರು ಅಲುಗಿಸಿದರು. ಗಾಲಿಯೂ ಆಗಲೇ ಅಲುಗಿತು. ಕಾರು ಸರಿಯಾಗಿಯೇ ಇತ್ತು. ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಆಡಿಸೋದು ಈ ಕೈಗೆ ಚಾಳಿಯಾಗಿಬಿಟ್ಟಿದೆ ಕಣೇ," ಎಂದರು.

ಅಂದಿನಿಂದ ಸಂಜೆಸಂಜೆ ಒಣಗಿದ ಕೆರೆಯಂಗಳಕ್ಕೆ ಹೋದೆವು. "ನಿನ್ನ ಕೈಗೆ ಹಳೇ ಚಾಳಿ ಇಲ್ಲ. ನೀನು ಹಿಡ್ಕೋ, ಅದರ ಮೇಲೆ ನಾನು ಕೈಯಿಡ್ತೀನಿ," ಎಂದರು. ನಾನು ಪಕ್ಕದ ಸೀಟಿನಿಂದ ಬಾಗಿ ಸ್ಟೇರಿಂಗ್ ಹಿಡಿಯುತ್ತಿದ್ದೆ. ನನ್ನ ಕೈ ಎಷ್ಟು ಆಡಿತೋ ಅಷ್ಟೇ ತಾತನ ಕೈ ಆಡಬೇಕು. ಮೊದಮೊದಲು ಅವರ ಅಂಗೈ ನನ್ನ ಕೈ ಮೇಲೆ ಚಡಪಡಿಸುತ್ತಿತ್ತು. ದಿನ ಕಳೆದಂತೆ ತಣ್ಣಗಾಯಿತು.

ಸ್ಕೂಲು ಶುರುವಾಗುವ ಮುಂಚಿನ ಭಾನುವಾರ ಅಮ್ಮ ಕೆರೆಯಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ತಾತ ಒಬ್ಬರೇ ಓಡಿಸಿದರು. ಕಾರು ಗೆರೆ ಎಳೆದ ಹಾಗೆ ಬಂತು.

"ಬೆಟ್ಟಕ್ಕೆ ಹೋಗ್ಬನ್ನಿ. ಮೆಲ್ಲಗೆ," ಎಂದಳು ಅಮ್ಮ.

ಅಜ್ಜಿ ಚಿತ್ರಾನ್ನ ಕಟ್ಟಿಕೊಟ್ಟರು. ದುರ್ಗದ ತಿರುವುಗಳಲ್ಲಿ ನಾನು ಕಾಡು ನೋಡಲಿಲ್ಲ, ಕೋತಿ ನೋಡಲಿಲ್ಲ. ತಾತನ ಕೈಗಳನ್ನೇ ನೋಡುತ್ತ ಕೂತಿದ್ದೆ. ಅಷ್ಟು ಹೆಮ್ಮೆ ಮತ್ತೆ ಯಾವುದಕ್ಕೂ ಪಟ್ಟಿಲ್ಲ.

ತಾತ ಹೋದರು, ಅಜ್ಜಿ ಹೋದರು. ಕಾರೂ ಕೊನೆಗೆ ಬೆಂಗಳೂರಿಗೆ ಹೋಯಿತು. ಈಗ ನನ್ನ ಕಾರಿನ ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತದೆ. ಏನಾದರೂ ಕೆಟ್ಟರೆ ವೈರು ಸಿಕ್ಕಿಸಿ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಯಾಕೆ ಎಂದರೆ "ಎರರ್ ತೋರಿಸ್ತಿದೆ ಮೇಡಂ," ಅಷ್ಟೇ. ಯಾರೂ ಕೈಯಿಟ್ಟು ನೋಡುವುದಿಲ್ಲ.

ಮೊನ್ನೆ ಶಿರಾ ಗೇಟ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಸುಮ್ಮನೆ ಸ್ಟೇರಿಂಗನ್ನು ಆಚೀಚೆ ಆಡಿಸಿದೆ. ಗಾಲಿ ತಕ್ಷಣ ಅಲುಗಿತು. ಬಂತೇ ಎಂದು ಕೇಳುವವರು ಯಾರೂ ಇರಲಿಲ್ಲ. ತಡೆಯಲಾಗದೆ, ಒಬ್ಬಳೇ ಕೂತು ಗಟ್ಟಿಯಾಗಿ "ಬಂತು ಅಜ್ಜೀ" ಎಂದುಬಿಟ್ಟೆ.