ಆರು ಚುಕ್ಕೆ ಎಣಿಸಿದವರ ಸರದಿ

ಮುನಿಆಂಜನಪ್ಪನವರ ಗಡಿಯಾರದ ಅಂಗಡಿಯನ್ನು ಅಂಗಡಿ ಎಂದು ಕರೆಯುವುದೇ ಸ್ವಲ್ಪ ಹೆಚ್ಚಾಯಿತು. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕಮರುನ್ನೀಸಾ ಎಂಬಾಕೆ ನಡೆಸುತ್ತಿದ್ದ ಹೊಲಿಗೆ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು. ಅಷ್ಟೆ. ಜೋರು ಮಳೆ ಬಂದರೆ ಅವರ ಮೊಣಕಾಲು ನೆನೆಯುತ್ತಿತ್ತು.

ನಾನು ಮೊದಲು ಅಲ್ಲಿಗೆ ಹೋದದ್ದು ೧೯೯೫ರಲ್ಲಿ. ನನ್ನ ಕೈಗಡಿಯಾರ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಎರಡು ಅಂಗಡಿಗಳಲ್ಲಿ ಬಿಚ್ಚಿ ಜೋಡಿಸಿದರೂ ಸರಿಹೋಗಿರಲಿಲ್ಲ. ಮುನಿಆಂಜನಪ್ಪನವರು ಅದನ್ನು ಬಿಚ್ಚಲೇ ಇಲ್ಲ. ರಾತ್ರಿ ಎಲ್ಲಿ ಇಡುತ್ತೀರಿ ಎಂದು ಕೇಳಿದರು. ರೇಡಿಯೋ ಮೇಲೆ ಎಂದೆ. ರೇಡಿಯೋದೊಳಗಿನ ಅಯಸ್ಕಾಂತ ಗಡಿಯಾರಕ್ಕೆ ಹತ್ತಿದೆ ಎಂದು ಹೇಳಿ, ಒಂದು ಪುಟ್ಟ ಯಂತ್ರದ ಮೇಲೆ ಅದನ್ನು ಎರಡು ಸಲ ಆಡಿಸಿ ಕೊಟ್ಟರು.

"ಗಡಿಯಾರದ ತಪ್ಪಲ್ಲ ಮೇಷ್ಟ್ರೇ. ಅದಿದ್ದ ಜಾಗದ ತಪ್ಪು."

ಕೆಟ್ಟ ಗಡಿಯಾರ ತಂದ ಎಲ್ಲರಿಗೂ ಅವರು ಮೊದಲು ಹೇಳುತ್ತಿದ್ದ ಮಾತು ಅದೇ. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತಿತ್ತು.

ನಾನು ಹಲಸೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆಂದು ತಿಳಿದಾಗ, ಕೃತ್ತಿಕೆಯಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಪಾಠ ಮಾಡುತ್ತೀರಿ ಎಂದು ಕೇಳಿದರು. ಬರಿಗಣ್ಣಿಗೆ ಆರು ಎಂದು ಪಾಠ ಮಾಡುತ್ತೇನೆ, ಆದರೆ ನಾನು ನೋಡಿರುವುದು ನಾಲ್ಕೇ ಎಂದೆ. ಅವರು ನಕ್ಕು, ಹಾಗಾದರೆ ನಮ್ಮ ಬಾವಿಯ ಹತ್ತಿರ ನಿಮಗೆ ಕೆಲಸ ಸಿಗುತ್ತಿರಲಿಲ್ಲ ಎಂದರು.

ಆ ಬಾವಿಯ ಕಥೆಯನ್ನು ಆಮೇಲೆ ಎಷ್ಟೋ ಸಲ ಕೇಳಿದೆ. ದೊಡ್ಡನೆಕ್ಕುಂದಿಯಲ್ಲಿ ಅವರ ತಂದೆ ಮುನಿವೆಂಕಟಪ್ಪನವರ ಕಾಲದಲ್ಲಿ ನಾಲ್ಕು ಮನೆಗಳಿಗೆ ಸೇರಿ, ಎತ್ತು ಕಟ್ಟಿ ನೀರೆತ್ತುವ ಒಂದೇ ಕಪಿಲೆ ಬಾವಿ. ಚಳಿಗಾಲದ ರಾತ್ರಿಗಳಲ್ಲಿ ತರಕಾರಿ ತೋಟಕ್ಕೆ ನೀರು ಹಾಯಿಸುವಾಗ, ಒಬ್ಬರ ಸರದಿ ಎಲ್ಲಿ ಮುಗಿಯಿತು ಎಂದು ಹೇಳಲು ಯಾರ ಮನೆಯಲ್ಲೂ ಗಡಿಯಾರವಿರಲಿಲ್ಲ. ಸಾಲಾಗಿ ನಿಂತ ಮೂರು ಚುಕ್ಕೆಗಳು ಮೂಡಲಲ್ಲಿ ಹುಟ್ಟಿ ಮೇಲೇರುತ್ತವಲ್ಲ, ಅವೇ ಗಡಿಯಾರ. ಕೈಯನ್ನು ಉದ್ದಕ್ಕೆ ಚಾಚಿ, ನೆಲದ ಅಂಚಿನಿಂದ ಅವು ಎಷ್ಟು ಗೇಣು ಏರಿವೆ ಎಂದು ಅಳೆಯಬೇಕು. ಒಂದು ಗೇಣು ಏರಲು ಒಂದು ಗಂಟೆ ಇಪ್ಪತ್ತು ನಿಮಿಷ. ಹದಿನೈದು ದಿನ ಕಳೆದರೆ ಅವೇ ಚುಕ್ಕೆಗಳು ಒಂದು ಗಂಟೆ ಮೊದಲೇ ಹುಟ್ಟುತ್ತವೆ; ಆ ಲೆಕ್ಕವನ್ನೂ ಸೇರಿಸಬೇಕು. ಹೇಳುವವನು ತಪ್ಪಿದರೆ ಅಣ್ಣತಮ್ಮಂದಿರೇ ಗುದ್ದಲಿ ಎತ್ತುತ್ತಿದ್ದರಂತೆ. ಆದ್ದರಿಂದ ಆ ಬಾವಿಗೆ ಒಂದು ಕಟ್ಟಳೆ ಇತ್ತು. ಕೃತ್ತಿಕೆಯ ಗೊಂಚಲಿನಲ್ಲಿ ಆರು ಚುಕ್ಕೆಗಳನ್ನು ಎಣಿಸಬಲ್ಲವನಿಗೆ ಮಾತ್ರ ಸರದಿ ಹೇಳುವ ಹಕ್ಕು. ಹೇಳುತ್ತಿದ್ದವನು ಮುಂದಿನವನ ಪಕ್ಕದಲ್ಲಿ ನಿಂತು, ಇಬ್ಬರೂ ಒಟ್ಟಿಗೆ ಆರು ಎಣಿಸಿದ ಮೇಲೆಯೇ ವಿದ್ಯೆ ಕೈ ಬದಲಾಗಬೇಕು.

ಮುನಿಆಂಜನಪ್ಪನವರು ಹತ್ತನೆಯ ವಯಸ್ಸಿನಲ್ಲಿ ತಂದೆಯ ಪಕ್ಕ ನಿಂತು ಆರು ಎಣಿಸಿದ್ದರು. ಮುಂದೆ ಬಾವಿ ಮುಚ್ಚಿತು, ತೋಟವಿದ್ದ ಕಡೆ ಕಾರ್ಖಾನೆಯ ಗೋಡೆ ಎದ್ದಿತು, ತಂದೆ ತೀರಿಕೊಂಡರು. ಆ ವಿದ್ಯೆ ಈಗ ಇವರೊಬ್ಬರಲ್ಲೇ ಉಳಿದಿತ್ತು. ಒಬ್ಬಳೇ ಮಗಳು ಹಂಸ ಆಗ ಏಳು ವರ್ಷದವಳು. ಅವಳಿಗೆ ಹತ್ತು ತುಂಬುವುದರೊಳಗೆ ಆರು ಚುಕ್ಕೆ ಕಾಣುವಂಥ ಒಂದು ಜಾಗವನ್ನು ಹುಡುಕಬೇಕು, ಅಲ್ಲಿ ಅವಳಿಗೆ ಒಪ್ಪಿಸಬೇಕು. ಅವರಿಗಿದ್ದ ಆಸೆ ಅದೊಂದೇ.

"ಇಲ್ದಿದ್ರೆ ನನ್ನ ಹಿಂದೇನೇ ಹೋಗ್ಬಿಡ್ತದೆ ಮೇಷ್ಟ್ರೇ," ಎಂದಿದ್ದರು.

ಆ ಡಿಸೆಂಬರಿನಲ್ಲಿ ಹಲಸೂರು ಕೆರೆಯ ಏರಿಯ ಮೇಲೆ ನಿಂತು ನೋಡಿದೆವು. ನಾಲ್ಕು. ಅವರ ಮೊಪೆಡ್ಡಿನ ಹಿಂದೆ ಕುಳಿತು ದೊಡ್ಡನೆಕ್ಕುಂದಿ ಕೆರೆಗೆ ಹೋದೆವು. ಅವರಿಗೆ ಐದು, ಹಳೆಯ ಕನ್ನಡಕದ ನನಗೆ ನಾಲ್ಕು. ಮರುವರ್ಷ ಕೃಷ್ಣರಾಜಪುರದ ರೈಲ್ವೆ ನಿಲ್ದಾಣದ ಆಚೆ ಒಂದು ಬಯಲು ಸಿಕ್ಕಿತು. ಅಲ್ಲಿ ನಮ್ಮಿಬ್ಬರಿಗೂ ನಾಲ್ಕೇ. ಹೆದ್ದಾರಿಯ ಹಳದಿ ದೀಪಗಳನ್ನು ಇಬ್ಬರೂ ಸೇರಿ ಬೈದೆವು. ಊರು ಬೆಳೆದಂತೆ ಅದರ ಬೆಳಕು ಆಕಾಶವನ್ನು ತಿನ್ನುತ್ತದೆ, ಇನ್ನೂ ದೂರ ಹೋಗಬೇಕು ಎಂದು ಪಾಠ ಹೇಳಿದವನು ನಾನೇ. ಅವರು ಒಪ್ಪಿಕೊಂಡರು. ಜಾಗದ ತಪ್ಪು ಎಂಬುದು ಅವರಿಗೆ ಹೊಸ ಮಾತಾಗಿರಲಿಲ್ಲ.

ಆಮೇಲೆ ನನಗೆ ಬೇರೆ ಶಾಲೆಗೆ ವರ್ಗವಾಯಿತು. ಅವರು ಒಬ್ಬರೇ ಹುಡುಕಿದರು. ಒಂದು ಪಾಕೆಟ್ ಡೈರಿಯಲ್ಲಿ ಜಾಗದ ಹೆಸರು, ತಾರೀಖು, ಕಂಡ ಚುಕ್ಕೆಗಳ ಸಂಖ್ಯೆ. ನಾನು ಹೋದಾಗಲೆಲ್ಲ ಅದನ್ನು ತೋರಿಸುತ್ತಿದ್ದರು. ಮೂರು. ಮುಂದಿನ ಚಳಿಗಾಲ ಎರಡು. ಅದಾದ ಮೇಲೆ, 'ಮಸಕು' ಎಂಬ ಒಂದು ಪದ. ಹಂಸಳಿಗೆ ಹತ್ತು ತುಂಬಿ ಹನ್ನೊಂದಾಯಿತು. ಆರು ಕಾಣದೆ ಮೂರು ಚುಕ್ಕೆಗಳ ಪಾಠವನ್ನೂ ಅವರು ಶುರುಮಾಡಲಿಲ್ಲ.

ಆಗ ನನ್ನ ಕಣ್ಣಿಗೆ ಬಿದ್ದೂ ಮನಸ್ಸಿಗೆ ಬೀಳದ ಕೆಲವು ಸಂಗತಿಗಳಿದ್ದವು. ಮೊಪೆಡ್ಡು ಮಾರಿ ಬಸ್ಸಿನಲ್ಲಿ ಓಡಾಡತೊಡಗಿದ್ದರು. ಸಂಜೆಯ ಟ್ರಾಫಿಕ್ ಸಾಕಾಯಿತು ಎಂದರು. ದೀಪ ಹೊತ್ತಿಸುವ ಹೊತ್ತಿಗೆ ಅಂಗಡಿ ಮುಚ್ಚಿ ಹೊರಡುವಾಗ ಕಮರುನ್ನೀಸಾ ತನ್ನ ಬಾಗಿಲಲ್ಲಿಟ್ಟಿದ್ದ ಸ್ಟೂಲಿಗೆ ಎಡವುತ್ತಿದ್ದರು. ಆಕೆ ಮೆಷಿನ್ನಿನಿಂದ ತಲೆ ಎತ್ತದೆ ಹೇಳುತ್ತಿದ್ದಳು:

"ಆಸ್ಮಾನಲ್ಲಿರೋ ತಾರೆ ಹುಡುಕ್ತೀರಾ ಅಣ್ಣ, ಕಾಲ ಕೆಳಗಿರೋ ನನ್ ಸ್ಟೂಲ್ ಕಾಣಲ್ವಾ?"

ನಾವೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಮನುಷ್ಯನ ಕಣ್ಣಿನ ಬಗ್ಗೆ ಯಾರು ತಾನೆ ಅನುಮಾನಪಟ್ಟಾರು!

೨೦೦೦ನೆಯ ಇಸವಿಯ ಕ್ರಿಸ್‌ಮಸ್ ರಜೆಯಲ್ಲಿ ಅವರು ನನ್ನನ್ನು ಮತ್ತೆ ಕರೆದರು. ಹೊಸಕೋಟೆಯಾಚೆ ಒಂದು ಹಳ್ಳಿಯಲ್ಲಿ ಅವರ ಅಕ್ಕ ಮುನಿಶಾಮಮ್ಮ ಇದ್ದರು. ಅಂದು ಅಮಾವಾಸ್ಯೆ. ಹಂಸಳೂ ನಮ್ಮ ಜೊತೆ ಬಂದಳು. ಮುನಿಶಾಮಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿ, ಮನೆಯಲ್ಲಿ ಹಾಸಿಗೆ ಬೆಚ್ಚಗಿರುವಾಗ ಚಳಿಯಲ್ಲಿ ಬಂಡೆ ಹತ್ತುವವರನ್ನು ಇವತ್ತೇ ನೋಡುತ್ತಿರುವುದು ಎಂದು ತಮ್ಮನನ್ನು ಕೆಣಕಿದರು. ಎಂಟು ಗಂಟೆಗೆ ಹಳ್ಳಿಯ ಕರೆಂಟು ಹೋಯಿತು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ಮೂವರೂ ಊರಾಚೆಯ ಬಂಡೆಗೆ ಹೊರಟೆವು. ದಾರಿಯುದ್ದಕ್ಕೂ ಅವರು ಮಗಳ ಭುಜ ಹಿಡಿದೇ ನಡೆದರು.

ಬಂಡೆಯ ಮೇಲೆ ನಿಂತು ತಲೆ ಎತ್ತಿದೆ. ಆ ತಿಂಗಳಷ್ಟೇ ಹಾಕಿಸಿದ ಹೊಸ ಕನ್ನಡಕ ನನ್ನದು. ಐವತ್ತೈದು ವರ್ಷಗಳಲ್ಲಿ ನಾನು ಅಂಥ ಆಕಾಶವನ್ನು ನೋಡಿರಲಿಲ್ಲ. ಪಕ್ಕದಲ್ಲಿ ನಿಂತವರ ಮುಖ ಕಾಣದಷ್ಟು ಕತ್ತಲೆ. ಮೇಲೆ ಕೈಯಿಡಲು ಜಾಗವಿಲ್ಲದಷ್ಟು ಚುಕ್ಕೆಗಳು. ಕೃತ್ತಿಕೆಯನ್ನು ಹುಡುಕಿ ಎಣಿಸಿದೆ. ಆರು. ಮತ್ತೊಮ್ಮೆ ಎಣಿಸಿದೆ. ಆರೇ.

ಅಷ್ಟರಲ್ಲಿ ಮುನಿಆಂಜನಪ್ಪನವರ ದನಿ ಕೇಳಿಸಿತು.

"ಇಲ್ಲಿಗೂ ಬೆಳಕು ಬಂದ್ಬಿಟ್ಟೈತೆ ಮೇಷ್ಟ್ರೇ. ಒಂದೂ ಕಾಣ್ತಿಲ್ಲ. ನಿಮಗೆ?"

ಆ ಸ್ಟೂಲು, ಮಾರಿದ ಮೊಪೆಡ್ಡು, ಡೈರಿಯಲ್ಲಿ ಇಳಿಯುತ್ತ ಹೋದ ಸಂಖ್ಯೆಗಳು, ಎಲ್ಲವೂ ಒಟ್ಟಿಗೆ ಅರ್ಥವಾದವು. ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಕಲಿಸಿದವನು, ನನಗೂ ಸರಿಯಾಗಿ ಕಾಣುತ್ತಿಲ್ಲ ಎಂದುಬಿಟ್ಟೆ.

ಹಂಸ ನನ್ನ ಮಾತು ಮುಗಿಯಲು ಬಿಡಲಿಲ್ಲ. "ಆರಿವೆ ಅಪ್ಪ. ಚೆನ್ನಾಗಿ ಕಾಣ್ತಿವೆಯಲ್ಲ, ಆರು."

ಕೆಳಗೆ ಹಳ್ಳಿಯಲ್ಲಿ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಅವರು ಬಂಡೆಯನ್ನು ತಡವಿ ಕುಳಿತರು. ಯಾವ ಕಡೆ ಎಂದು ಮಗಳನ್ನು ಕೇಳಿದರು. ಅವಳು ಅವರ ಕೈ ಹಿಡಿದು ಮೇಲಕ್ಕೆ ತೋರಿಸಿದಳು. ಅವರು ಆ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಆಮೇಲೆ ಮೂಡಲಿನ ಮೂರು ಚುಕ್ಕೆಗಳನ್ನು ಗುರುತಿಸಲು ಹೇಳಿ, ಗೇಣು ಹಿಡಿಯುವುದನ್ನು ಅವಳ ಬೆರಳುಗಳನ್ನು ಬಿಡಿಸಿ ಬಿಡಿಸಿ ಕಲಿಸಿದರು. ಅವಳು ಅಳೆದು ಎರಡು ಗೇಣು ಎಂದಳು.

"ಈಗ ಅವು ಹುಟ್ಟೋದು ಐದು ನಲವತ್ತಕ್ಕೆ. ಹಂಗಾದ್ರೆ ಎಂಟು ಇಪ್ಪತ್ತು," ಎಂದರು.

ಬೆಂಕಿಕಡ್ಡಿ ಗೀರಿ ಗಡಿಯಾರ ನೋಡಿದೆ. ಎಂಟು ಇಪ್ಪತ್ತೈದು. ಆ ಬೆಳಕಿನಲ್ಲಿ ಅವರ ಕೆನ್ನೆ ಒದ್ದೆಯಾಗಿದ್ದುದು ಕಂಡು ಕಡ್ಡಿಯನ್ನು ಬೇಗ ಆರಿಸಿದೆ.

"ಆರು ಎಣಿಸ್ದೋನಿಗೆ ಸರದಿ ಹೇಳೋ ಹಕ್ಕು," ಎಂದರು ಮಗಳಿಗೆ. "ನಂದು ಮುಗೀತು ಕಣಮ್ಮ. ಇನ್ಮೇಲೆ ನೀನು."

ಒಟ್ಟಿಗೆ ಎಣಿಸಿ ಒಪ್ಪಿಸಬೇಕೆಂಬ ಕಟ್ಟಳೆ ಅಲ್ಲಿಗೆ ಮುರಿಯಿತು.

ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನ ಹಿಂಪರದೆ ಹಲವು ವರ್ಷಗಳಿಂದ ಒಣಗುತ್ತ ಬಂದಿದೆ ಎಂದರು ವೈದ್ಯರು. ಮೊದಲು ಕತ್ತಲೆಯ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ ನೋಟ, ನಡುವಿನದು ಕೊನೆಗೆ. ದೀಪದ ಕೆಳಗೆ ಗಡಿಯಾರ ರಿಪೇರಿ ಮಾಡಲು ಸಾಧ್ಯವಾದದ್ದು ಅದರಿಂದಲೇ. ಔಷಧಿ ಇಲ್ಲ; ಮೊದಲೇ ಬಂದಿದ್ದರೂ ಇರುತ್ತಿರಲಿಲ್ಲ. ಆದರೆ ಈ ಕಾಯಿಲೆ ರಕ್ತದಲ್ಲಿ ಇಳಿದು ಬರುವುದುಂಟು, ಮಗಳ ಕಣ್ಣನ್ನು ಗಮನಿಸುತ್ತಿರಿ ಎಂದರು. ಅಲ್ಲಿಯವರೆಗೆ ಸುಮ್ಮನೆ ತಲೆಯಾಡಿಸುತ್ತಿದ್ದ ಮುನಿಆಂಜನಪ್ಪನವರು ಆ ಮಾತಿಗೆ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಂಗಡಿ ಇನ್ನೆರಡು ವರ್ಷ ನಡೆಯಿತು. ಕಮರುನ್ನೀಸಾ ಆ ಸ್ಟೂಲನ್ನು ಮಹಡಿಗೆ ಸಾಗಿಸಿದ್ದಳು, ಯಾರಿಗೂ ಹೇಳದೆ. ಆಮೇಲೆ ಅವರು ಲಿಂಗರಾಜಪುರದ ಬಾಡಿಗೆ ಮನೆಯಲ್ಲೇ ಉಳಿದರು. ಚಳಿಗಾಲದ ಸಂಜೆ ಹಂಸ ಮಾಳಿಗೆ ಹತ್ತಿ, ಮೂರು ಚುಕ್ಕೆಗಳನ್ನು ಅಳೆದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದಳು. ಅವರು ಕೆಳಗೆ ಮಂಚದ ಮೇಲೆ ಕುಳಿತು ಗಂಟೆ ಹೇಳುತ್ತಿದ್ದರು. ಸರಿಯಾದರೆ ಆ ದಿನ ಊಟ ಎರಡು ತುತ್ತು ಹೆಚ್ಚು.

೨೦೦೪ರ ಸಂಕ್ರಾಂತಿ ಕಳೆದ ವಾರ ನಾನು ಎಳ್ಳು ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಹಂಸ ಮೇಲಿನಿಂದ ಎರಡು ಗೇಣು ಎಂದು ಕೂಗಿದಳು. ಮುನಿಆಂಜನಪ್ಪನವರು ಗಂಟೆ ಹೇಳಲಿಲ್ಲ. ಅವಳನ್ನು ಕೆಳಗೆ ಕರೆದರು.

"ಸಂಕ್ರಾಂತಿ ಕಳೆದ್ಮೇಲೆ ಎರಡು ಗೇಣು ಅಂದ್ರೆ ಆರೂವರೆ ಆಯ್ತದೆ. ಪಕ್ಕದ ಮನೆ ಟೀವೀಲಿ ಎಂಟು ಗಂಟೆ ವಾರ್ತೆ ಬತ್ತಾ ಐತೆ. ಮೂರು ಗೇಣು ಏರಿರ್ಬೇಕಿತ್ತು. ನೀನು ನೋಡ್ಲಿಲ್ಲ, ಹೋದ ತಿಂಗಳದ್ದನ್ನೇ ಹೇಳಿದೆ."

ಹಂಸ ತಲೆ ತಗ್ಗಿಸಿದಳು. ಅವರು ಮಂಚದಿಂದ ಎದ್ದು ನಿಂತರು.

"ಯಾಕಮ್ಮ? ಕಾಣ್ತಿಲ್ವಾ?"

ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಡ ಎದ್ದಿದೆ, ಅಳೆಯಲು ನೆಲದ ಅಂಚೇ ಕಾಣುವುದಿಲ್ಲ, ಅಪ್ಪನಿಗೆ ಬೇಸರವಾಗುತ್ತದೆಂದು ಹೇಳಲಿಲ್ಲ ಎಂದಳು. ಅವರಿಗೆ ನಂಬಿಕೆ ಬರಲಿಲ್ಲ. ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿದರು. ನಾವಿಬ್ಬರೂ ಹಿಂದೆ ಹೋದೆವು. ಮೂಡಲಿಗೆ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿಗೂ ಕೆಲಸಗಾರರ ಬಲ್ಬು. ನೆತ್ತಿಯ ಮೇಲೆ ಕೃತ್ತಿಕೆ ಇತ್ತು.

"ಎಣಿಸು," ಎಂದರು ಮಗಳಿಗೆ.

ಅವಳು ಬಹಳ ಹೊತ್ತು ನೋಡಿದಳು. "ನಾಲ್ಕು ಅಪ್ಪ."

ಅವರು ನನ್ನ ತೋಳನ್ನು ಹುಡುಕಿ ಹಿಡಿದರು. "ಮೇಷ್ಟ್ರೇ, ನಿಮಗೆಷ್ಟು? ಅವತ್ತಿನ ತರ ಹೇಳ್ಬೇಡಿ."

ಕನ್ನಡಕ ಒರೆಸಿ ಎಣಿಸಿದೆ. "ನನಗೂ ನಾಲ್ಕೇ ಮುನಿಆಂಜನಪ್ಪ. ದೇವರಾಣೆ."

ಅವರ ಹಿಡಿತ ನಿಧಾನವಾಗಿ ಸಡಿಲವಾಯಿತು. ತಮಗೆ ಕಾಣದ ಆ ಕಟ್ಟಡದ ಕಡೆಗೆ ಮುಖ ತಿರುಗಿಸಿ, ಎಷ್ಟು ಅಂತಸ್ತು ಎಂದು ಕೇಳಿದರು. ನಾಲ್ಕು ಎಂದೆ.

"ಇನ್ನೂ ನಾಲ್ಕು ಏರ್ಲಿ ಬಿಡಿ ಮೇಷ್ಟ್ರೇ," ಎಂದರು. "ಜಾಗದ ತಪ್ಪು ತಾನೆ."