ಟವಲಿನ ಕೆಳಗೆ ಮೂರು ನಿಮಿಷ

ಶಿಡ್ಲಘಟ್ಟಕ್ಕೆ ಬಂದ ಮೊದಲ ವಾರ ನಾನು ಅಬ್ದುಲ್ ಸತ್ತಾರ್ ಸಾಹೇಬರನ್ನು ಜ್ಯೋತಿಷಿ ಎಂದು ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ ಎಂದು ಈಗಲೂ ವಾದಿಸುತ್ತೇನೆ. ಗೌರಿಬಿದನೂರಿನಿಂದ ಬಂದು ವೆಂಕಟರವಣಪ್ಪನವರ ರೇಷ್ಮೆಗೂಡಿನ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದ ನನಗೆ ರೇಷ್ಮೆಯೆಂದರೆ ಮದುವೆಮನೆಯಲ್ಲಿ ಬೇರೆಯವರು ಉಟ್ಟುಕೊಳ್ಳುವ ಬಟ್ಟೆ, ಅಷ್ಟೆ. ಮಂಡಿಯ ಜಗಲಿಯ ಮೇಲೆ ಗಡ್ಡದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೂತು, ರಾಶಿಯಿಂದ ಒಂದೊಂದೇ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಚೆನ್ನಾಗೈತೆ", "ಇದು ಕೆಟ್ಟೋಗೈತೆ" ಎನ್ನುತ್ತಿದ್ದರು. ರೈತರು ಕೈಕಟ್ಟಿ ನಿಂತು ಕೇಳುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಭಕ್ತಿಯಿಂದ, "ನನ್ನ ಕೆಲಸ ಖಾಯಂ ಆಗುತ್ತಾ, ಸ್ವಲ್ಪ ನೋಡಿ ಹೇಳಿ" ಎಂದೆ.

ಸಾಹೇಬರು ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟರು. "ನಿನ್ನ ತಲೆ ಇಲ್ಲಿ ತಾ ಬೇಟಾ. ಮೊದಲು ಅದನ್ನ ಅಲ್ಲಾಡಿಸಿ ನೋಡಣ."

ಜಗಲಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೂಲೆಯಲ್ಲಿ ಗೂಡು ಆರಿಸುತ್ತಿದ್ದ ಕೊಂಡಮ್ಮ. ಅವಳೇ ಆಮೇಲೆ ನನಗೆ ಪಾಠ ಹೇಳಿದಳು. ಒಳಗಿನ ಹುಳ ಸರಿಯಾಗಿದ್ದರೆ ಗೂಡು ಗಲಗಲ ಎನ್ನುತ್ತದೆ. ಕೊಳೆತು ಅಂಟಿಕೊಂಡಿದ್ದರೆ ಸದ್ದೇ ಬರುವುದಿಲ್ಲ. ಆ ಸದ್ದನ್ನು ಸಾಹೇಬರಷ್ಟು ಚೆನ್ನಾಗಿ ಓದುವ ಕಿವಿ ಇತ್ತ ಮೇಲೂರಿನವರೆಗೆ, ಅತ್ತ ದಿಬ್ಬೂರಹಳ್ಳಿಯವರೆಗೆ ಇನ್ನೊಂದಿಲ್ಲ. ನಾಲ್ಕನೇ ವಯಸ್ಸಿನಲ್ಲೇ ಸಿಡುಬು ಅವರ ಎರಡು ಕಣ್ಣನ್ನೂ ತೆಗೆದುಕೊಂಡು ಹೋಗಿತ್ತು.

ಇನ್ನು ವ್ಯಾಪಾರಕ್ಕೆ ಅವರಿಗೆ ಕಣ್ಣು ಬೇಕಾಗಿಯೂ ಇರಲಿಲ್ಲ. ನಮ್ಮ ಮಂಡಿಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಬೆರಳು ಬಿಟ್ಟು ಮಾತಾಡುತ್ತಾರೆ. ಸುತ್ತ ನಿಂತವರಿಗೆ ಟವಲು ಕುಣಿಯುವುದು ಕಾಣುತ್ತದೆಯೇ ಹೊರತು ಮತ್ತೇನಿಲ್ಲ. ಟವಲಿನ ಕೆಳಗೆ ಎಲ್ಲರೂ ಸತ್ತಾರ್ ಸಾಹೇಬರೇ.

ಐವತ್ತೇಳನೇ ಇಸವಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತೆಂದು ಊರಲ್ಲಿ ಭಾರಿ ಮೆರವಣಿಗೆ ಗೊತ್ತಾಯಿತು. ಮುಂದೆ ಬ್ಯಾಂಡು, ಹಿಂದೆ ಒಂಬತ್ತು ಎತ್ತಿನ ಗಾಡಿಗಳ ಮೇಲೆ ಸ್ತಬ್ಧಚಿತ್ರಗಳು. ಚಿಂತಾಮಣಿಯವರು ಏಳು ಗಾಡಿ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಿದ್ದರಿಂದ ನಮ್ಮದು ಒಂಬತ್ತು. ಸಮಿತಿಗೆ ನಮ್ಮ ಯಜಮಾನರೇ ಅಧ್ಯಕ್ಷರು. ಬರೆಯುವುದು, ಓಡುವುದು, ಬೈಸಿಕೊಳ್ಳುವುದು ಈ ಮೂರು ಖಾತೆ ನನಗೆ.

ರೇಷ್ಮೆಯ ಗಾಡಿಯಲ್ಲಿ ರಾಟೆಯ ಮುಂದೆ ಕೂರಲು ಸಾಹೇಬರ ಮಗಳು ಶಕೀಲಾಳನ್ನು ಆರಿಸಿದರು. ಹದಿಮೂರರ ಹುಡುಗಿ, ಮನೆಯಲ್ಲಿ ನೂಲು ತೆಗೆಯುವಾಗ ರಾಟೆ ತಿರುಗಿಸುವವಳು ಅವಳೇ. ಸುದ್ದಿ ಕೇಳಿದ ಸಾಹೇಬರು ಯಜಮಾನರ ಹತ್ತಿರ ಬಂದು, "ಈ ಸಲ ನಾನೂ ಮೆರವಣಿಗೆ ನೋಡ್ಬೇಕಪ್ಪ" ಎಂದರು.

ಯಜಮಾನರು ನನ್ನ ಕಡೆ ತಿರುಗಿ, "ಇವ್ರಿಗೆ, ಕೊಂಡಮ್ಮನಿಗೆ, ಊರಲ್ಲಿ ಇಂಥೋರು ಇನ್ನೂ ಎಷ್ಟು ಜನ ಅವ್ರೋ ಅವ್ರಿಗೆಲ್ಲ ಏನಾದ್ರೂ ಏರ್ಪಾಡು ಮಾಡಯ್ಯ" ಎಂದರು.

ನಾನು ಮಾಡಿದೆ. ಎರಡು ದಿನ ಕೂತು, ಮುತ್ತಿನಂಥ ಅಕ್ಷರದಲ್ಲಿ, "ಅಂಧರ ಅವಗಾಹನೆಗೆ" ಎಂದು ತಲೆಬರಹ ಕೊಟ್ಟು ಒಂದು ನೋಟೀಸು ಬರೆದು ಮಂಡಿಯ ಗೋಡೆಗೆ ಅಂಟಿಸಿದೆ. ನಡೆಯಲಾರದವರಿಗೆ ಎಲ್ಲವೂ ಚೆನ್ನಾಗಿ ಕಾಣಲೆಂದು ಮಂಡಿಯ ಮಾಳಿಗೆಯ ಮೇಲೆ ಚಾಪೆ ಹಾಸಿಸಿದೆ. ಮಾಳಿಗೆಗೆ ಹದಿನೇಳು ಮೆಟ್ಟಿಲು. ಕೊಂಡಮ್ಮನಿಗೆ ಹುಟ್ಟಿದಾಗಿನಿಂದ ಎರಡು ಕಾಲೂ ಇಲ್ಲದಂತೆಯೇ. ನೆಲದ ಮೇಲೆ ಕೈಯೂರಿ ಓಡಾಡುವವಳು. ಅವಳು ಕೆಳಗೆ ಕೂತು ಮೆಟ್ಟಿಲನ್ನೂ ನನ್ನನ್ನೂ ನೋಡಿದಳು.

"ಏಮಪ್ಪಾ ಗುಮಾಸ್ತ, ನನ್ನ ಮೇಲಕ್ಕೆ ಎಸೀತೀಯಾ, ಇಲ್ಲ ಹಗ್ಗ ಕಟ್ಟಿ ಸೇದ್ತೀಯಾ?"

"ನಾಲ್ಕು ಜನ ಎತ್ಕೊಂಡು ಹೋಗ್ತಾರೆ ಕೊಂಡಮ್ಮ."

"ನಾಲ್ಕು ಜನ ಹೊರೋದು ಒಂದೇ ಸಲ. ಅದಕ್ಕೆ ಇನ್ನೂ ಟೈಮೈತೆ."

ಗೂಡಿನ ಮೂಟೆ ಜಾರಿಸುವ ಹಲಗೆಯನ್ನು ಜಗಲಿಗೆ ಓರೆಯಾಗಿ ಇಟ್ಟರೆ ತನ್ನಂಥವರು ತಾವೇ ಹತ್ತಿ ಕೂರುತ್ತಾರೆ, ಯಾರ ಹೆಗಲೂ ಬೇಡ ಎಂದು ಅವಳೇ ತೋರಿಸಿದಳು. ಹಲಗೆ ವರ್ಷಗಟ್ಟಲೆಯಿಂದ ಅಲ್ಲೇ ಬಿದ್ದಿತ್ತು.

ಆದರೆ ಸಾಹೇಬರ ಕೆಲಸ ಹಲಗೆಯಿಂದ ಆಗುವಂಥದ್ದಲ್ಲ. ಅವರು ಯಜಮಾನರಿಗೆ ಬಿಡಿಸಿ ಹೇಳಿದರು. "ಹೋದ ಸಲದ ಮೆರವಣಿಗೇಲಿ ಜನ ನಕ್ಕಾಗ ನಾನೂ ನಕ್ಕೆ. ಯಾಕೆ ನಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ. ಈ ಸಲ ನನ್ನ ಮಗಳು ಹೋಗ್ತಾಳೆ. ಪಕ್ಕದಾಗೆ ಯಾವನೋ 'ಓ, ಹೋದ್ಳು ಸಾಬ್ರೇ' ಅಂದ್ರೆ ನಂಗೆ ಸಾಕಾಗಲ್ಲ. ಮಂಡಿ ಮುಂದೆ ಬ್ಯಾಂಡು ನಿಲ್ಲಿಸ್ರಿ. ಗಾಡಿಗಳು ಒಂದೊಂದೂ ತನ್ನ ಸದ್ದು ಮಾಡ್ಲಿ. ರಾಟೆ ತಿರುಗ್ಲಿ, ಸುತ್ತಿಗೆ ಹೊಡೀಲಿ. ನನ್ನ ಮಗಳು ಯಾವ್ದ್ರಾಗೆ ಅವ್ಳೆ ಅಂತ ನಾನೇ ಹೇಳ್ತೀನಿ."

"ಆಗಲ್ಲ ಸಾಬ್ರೇ. ಸ್ತಬ್ಧಚಿತ್ರದಲ್ಲಿ ಯಾರೂ ಅಲ್ಲಾಡಂಗಿಲ್ಲ. ಅಲ್ಲಿ ಮೈದಾನದಲ್ಲಿ ಅಮಲ್ದಾರ್ರು ಬಾವುಟ ಹಾರಿಸೋಕೆ ಕಾಯ್ತಿರ್ತಾರೆ. ಒಂದು ಗಳಿಗೇನೂ ನಿಲ್ಲಂಗಿಲ್ಲ."

ಸಾಹೇಬರು ಹೆಗಲ ಮೇಲಿನ ಟವಲು ತೆಗೆದು ಬಲಗೈ ಮೇಲೆ ಹೊದಿಸಿ ಕೈ ಮುಂದೆ ಚಾಚಿದರು.

ಮೂವತ್ತು ವರ್ಷ ಮಂಡಿ ನಡೆಸಿದ ಯಜಮಾನರು. ಅವರ ಬುದ್ಧಿ 'ಬೇಡ' ಎನ್ನುವಷ್ಟರಲ್ಲಿ ಕೈ ಟವಲಿನ ಕೆಳಗೆ ಹೋಗಿಬಿಟ್ಟಿತ್ತು. ಟವಲು ಕುಣಿಯತೊಡಗಿತು. ರೈತರು ತಕ್ಕಡಿ ಬಿಟ್ಟು ಸುತ್ತ ಸೇರಿದರು.

"ಹತ್ತಾ! ದರೋಡೆ ಸಾಬ್ರೇ ಇದು!" ಎಂದು ಯಜಮಾನರು ಚೀರಿದರು. ಟವಲು ಮತ್ತೆ ಕುಣಿಯಿತು. ಸಾಹೇಬರು ಬೇಸರದಿಂದ ತಲೆ ಅಲ್ಲಾಡಿಸಿದರು. ಯಜಮಾನರ ಹಣೆಯಲ್ಲಿ ಬೆವರು. ಕೊನೆಗೆ ಎರಡು ಕೈಯೂ ಸುಮ್ಮನಾದವು.

"ಎಷ್ಟಕ್ಕಾಯ್ತಣ್ಣ?" ಎಂದಳು ಕೊಂಡಮ್ಮ.

"ಮೂರು ನಿಮಿಷ" ಎಂದು ಯಜಮಾನರು ಗೊಣಗಿದರು. ಟವಲಿನ ಕೆಳಗೆ ಕೊಟ್ಟ ಕೈಯನ್ನು ಮಂಡಿಯಲ್ಲಿ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವನಿಗೆ ಮಾರನೆಯ ದಿನ ಯಾರೂ ಕೈ ಚಾಚುವುದಿಲ್ಲ.

ಎಲ್ಲರಿಗೂ ಹೇಳಿ ಬರುವ ಕೆಲಸ ನನ್ನದು. ಬ್ಯಾಂಡಿನ ಮೇಷ್ಟ್ರಿಗೆ ಮೂರು ಸಲ ಹೇಳಿದೆ. ಮಂಡಿಯ ಮುಂದೆ ನಿಲ್ಲಿಸಿ, ಮೂರು ನಿಮಿಷ, ಮರೆಯಬೇಡಿ. ಅಷ್ಟು ಹೇಳಿದ ಸಂತೋಷಕ್ಕೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಗಾಡಿಯವರಿಗೆ ಹೇಳುವುದು ಮರೆತೆ.

ಆ ದಿನ ಜಗಲಿಯ ಮೇಲೆ ಸಾಹೇಬರು, ಕೊಂಡಮ್ಮ, ಹಲಗೆ ಹತ್ತಿ ಬಂದ ಇನ್ನೂ ಹನ್ನೊಂದು ಜನ. ಮೆರವಣಿಗೆ ಬಂತು. ಸರಿಯಾಗಿ ಮಂಡಿಯ ಮುಂದೆ ಬ್ಯಾಂಡು ಗಪ್ಪನೆ ನಿಂತಿತು. ಗಾಡಿಗಳೂ ನಿಂತವು. ಅವುಗಳ ಮೇಲೆ ಎಲ್ಲರೂ ಅಧ್ಯಕ್ಷರು ಕಲಿಸಿದಂತೆ ಗೊಂಬೆಗಳಾಗಿ ಕೂತಿದ್ದರು. ಕಮ್ಮಾರ ಎತ್ತಿದ ಸುತ್ತಿಗೆ ಗಾಳಿಯಲ್ಲೇ ಇತ್ತು. ಬೀದಿಯಲ್ಲಿ ಸದ್ದಿಲ್ಲ. ಇದು ಸತ್ತವರ ಗೌರವಕ್ಕೆ ಮಾಡುವ ಮೌನವಿರಬೇಕೆಂದು ಯಾರೋ ಟೋಪಿ ತೆಗೆದರು. ಅವರನ್ನು ನೋಡಿ ಇಡೀ ಬೀದಿ ತಲೆ ತಗ್ಗಿಸಿತು. ಯಜಮಾನರೂ ತಗ್ಗಿಸಿದರು.

ಒಂದು ನಿಮಿಷ ಹೋಯಿತು. ಸಾಹೇಬರು ಕತ್ತು ಮುಂದೆ ಚಾಚಿ, ಕಿವಿಯ ಹಿಂದೆ ಅಂಗೈ ಇಟ್ಟು ಕೂತೇ ಇದ್ದರು. ಅವರ ಇನ್ನೊಂದು ಕೈ ನನ್ನ ತೋಳು ಹಿಡಿದಿತ್ತು.

"ಯಾರಪ್ಪ ಸತ್ತಿದ್ದು?" ಎಂದು ಪಿಸುಗುಟ್ಟಿದರು. "ನನ್ನ ಮಗಳು ಬಂದ್ಲಾ? ಹೋದ್ಲಾ?"

ಗಾಡಿಯವರಿಗೆ ಹೇಳಿಲ್ಲವೆಂದು ನನಗೆ ಆಗ ನೆನಪಾಯಿತು. ಎರಡನೇ ನಿಮಿಷವೂ ಮುಗಿಯುತ್ತಿತ್ತು. ಬ್ಯಾಂಡಿನ ಮೇಷ್ಟ್ರು ಕೋಲು ಹಿಡಿದು ಗಡಿಯಾರವನ್ನೇ ನೋಡುತ್ತಿದ್ದರು.

ಕೊಂಡಮ್ಮ ಜಗಲಿಯ ಅಂಚಿಗೆ ಸರಿದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ಏಯ್ ಹುಡುಗೀ, ತಿರುಗಿಸೇ ರಾಟೇನಾ! ನಿಮ್ಮಪ್ಪ ಕಾಯ್ತಾವ್ನೆ!"

ಗೊಂಬೆ ಬೆಚ್ಚಿತು. ರಾಟೆ ಕಿರ್ರೆಂದಿತು, ತಿರುಗಿತು. ಅದನ್ನು ನೋಡಿ ಕೈ ಸೋತಿದ್ದ ಕಮ್ಮಾರ ಸುತ್ತಿಗೆಯನ್ನು ಕೆಳಗೆ ಬಿಟ್ಟ. ಹಿಂದಿನ ಗಾಡಿಯಲ್ಲಿ ಬೀಸುವ ಕಲ್ಲು ಗುಡುಗುಡು ಎಂದಿತು. ಒಂಬತ್ತು ಗಾಡಿಗಳೂ ಒಟ್ಟಿಗೇ ಬಡಿದು, ಕೊಚ್ಚಿ, ಬೀಸಿ ಎಬ್ಬಿಸಿದ ಗಲಾಟೆಗೆ ತಲೆ ತಗ್ಗಿಸಿದ್ದವರೆಲ್ಲ ಹೌಹಾರಿ ಟೋಪಿ ಹಾಕಿಕೊಂಡರು.

ಸಾಹೇಬರ ಬೆರಳು ಆ ಗದ್ದಲದೊಳಗೆ ನೇರ ಮೂರನೇ ಗಾಡಿಯತ್ತ ಹೋಯಿತು. "ಅದೇ. ಮೂರು ಸುತ್ತಿಗೊಂದ್ಸಲ ಕೈ ಬದಲಾಯಿಸ್ತಾಳೆ. ಬದಲಾಯಿಸಬೇಡ ಅಂತ ಎಷ್ಟು ಹೇಳಿದೀನಿ, ಕೇಳಲ್ಲ." ಬೈಯುತ್ತಿದ್ದರು, ಮುಖ ಮಾತ್ರ ಪೂರ್ತಿ ಅರಳಿತ್ತು. ಮೂರು ನಿಮಿಷ ಮುಗಿದು ಗಾಡಿಗಳು ಹೊರಟ ಮೇಲೂ, ರಾಟೆಯ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಬೆರಳು ಅದರ ಹಿಂದೆಯೇ ಹೋಯಿತು.

ಮೆರವಣಿಗೆ ಮುಗಿದ ಮೇಲೆ ಜಗಲಿಯಲ್ಲಿ ಚಹಾ ಕುಡಿಯುವಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ. "ಸಾಹೇಬ್ರೇ, ಒಂದೇ ಒಂದು ದಿನ ಕಣ್ಣು ಬಂದ್ರೆ ಮೊದಲು ಏನು ನೋಡ್ತೀರಿ? ಮಗಳ ಮುಖಾನಾ?"

ಕೊಂಡಮ್ಮ ಗ್ಲಾಸು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. ಸಾಹೇಬರು ಬಸಿಯಲ್ಲಿದ್ದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದು ಮುಗಿಸಿದರು.

"ಅದು ನಂಗೆ ಗೊತ್ತೈತೆ. ಗೋಡೆಗೆ ಅಂಟಿಸಿದೀಯಲ್ಲ, ನಿನ್ನ ನೋಟೀಸು, ಅದನ್ನ ಓದ್ತೀನಿ."